ಕತ್ತರಿಯಕ್ಕನ ಅಳತೆ

"ಇನ್ನೊಂದು ಸಲ ಕೊಡಿ, ನೋಡೋಣ," ಎಂದು ಕತ್ತರಿಯಕ್ಕ ಕೈ ಚಾಚಿದಳು.

ಮೇಜಿನ ಮೇಲಿದ್ದ ಮೂರು ಮಾದರಿಗಳಲ್ಲಿ ನಡುವಿನದನ್ನು ಎತ್ತಿ ಡಾಕ್ಟರು ಅವಳ ಅಂಗೈಯಲ್ಲಿಟ್ಟರು. ತಿಳಿಯಾದ, ಮೆತ್ತಗಿನ, ಗುಂಡನೆಯ ವಸ್ತು. ಒತ್ತಿದರೆ ಒಳಗಿನ ಸಿಲಿಕೋನ್ ಜೆಲ್ ತಗ್ಗುತ್ತಿತ್ತು, ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ತುಂಬಿಕೊಳ್ಳುತ್ತಿತ್ತು. ಮೊದಲ ಸಲ ಇದನ್ನು ಕೈಗೆತ್ತಿಕೊಂಡ ಹೆಂಗಸರು ನಾಚಿಕೊಂಡು ನಗುವುದನ್ನು, ಬಿಸಿ ಪಾತ್ರೆ ಮುಟ್ಟಿದವರಂತೆ ಬೇಗನೆ ಕೆಳಗಿಡುವುದನ್ನು ಡಾಕ್ಟರು ನೋಡಿದ್ದರು. ಇವಳು ಕೈಚೀಲದಿಂದ ಟೇಪು ತೆಗೆದು ಅದರ ತಳ ಅಳೆದಳು, ಎತ್ತರ ಅಳೆದಳು, ಕೊನೆಗೆ ಟೇಪನ್ನು ಮೇಲಿನಿಂದ ಬಾಗಿಸಿ ಉಬ್ಬಿನ ಅಳತೆಯನ್ನೂ ತೆಗೆದುಕೊಂಡಳು.

"ತಳ ಹನ್ನೊಂದೂವರೆ ಸೆಂಟಿಮೀಟರು ಬರುತ್ತೆ. ನನಗೆ ಹೆಚ್ಚಾಯ್ತು," ಎಂದಳು. "ನನ್ನ ಎದೆ ಅಗಲ ಕಮ್ಮಿ ಡಾಕ್ಟ್ರೇ. ಇದು ಕಂಕುಳ ಕಡೆ ಇಣುಕುತ್ತೆ. ಹನ್ನೊಂದರ ಒಳಗಿರೋದು ತೋರಿಸಿ."

ಡಾಕ್ಟರು ತಮ್ಮ ಹಾಳೆಯಲ್ಲಿ ಬರೆದುಕೊಂಡಿದ್ದ ಅಂಕಿಯನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. ಅಲ್ಲಿ ಹತ್ತೂ ಮುಕ್ಕಾಲು ಎಂದಿತ್ತು.

"ನೀವು ಏನು ಕೆಲಸ ಮಾಡೋದು?"

"ಬ್ರಾ ಕತ್ತರಿಸ್ತೀನಿ. ಇಪ್ಪತ್ತೆರಡು ವರ್ಷ ಆಯ್ತು."

ಒಳ ಉಡುಪು ತಯಾರಿಸುವ ಕಾರ್ಖಾನೆಯ ಕತ್ತರಿಸುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ನೂರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹರವಿ, ಯಂತ್ರದ ಕತ್ತಿಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳುತ್ತಾ ಒಂದೇ ಏಟಿಗೆ ಬ್ರಾದ ನೂರು ಕಪ್ಪು ಕತ್ತರಿಸುತ್ತಿದ್ದಳು. ಅಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ಹೊಸದಾಗಿ ಸೇರಿದವರಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಅವಳು ಕತ್ತರಿಯಕ್ಕ. ಯಾವ ಹೆಂಗಸು ಬಾಗಿಲಲ್ಲಿ ಬಂದು ನಿಂತರೂ ಅವಳ ಅಳತೆಯನ್ನು ಕಣ್ಣಲ್ಲೇ ಹೇಳಿಬಿಡುತ್ತಿದ್ದಳು. ಅವಳದ್ದೇ ಅಳತೆ ಮಾತ್ರ ಕಾರ್ಖಾನೆಯ ಪಟ್ಟಿಯಲ್ಲಿರಲಿಲ್ಲ. ಅತಿ ಚಿಕ್ಕ ಕಪ್ಪು ಕೂಡ ಅವಳ ಎದೆಯ ಮೇಲೆ ಗಾಳಿ ಹೋದ ಬಲೂನಿನಂತೆ ಸುಕ್ಕುಗಟ್ಟುತ್ತಿತ್ತು. ಮಗಳಿಗೆ ಹಾಲೂಡಿಸಿದ ಒಂದೂವರೆ ವರ್ಷ ಏನೋ ಒಂದಿಷ್ಟು ಬಂದಿತ್ತು. ಹಾಲು ಬಿಡಿಸಿದ ಮೇಲೆ ಬಂದ ಹಾಗೇ ಹೊರಟೂ ಹೋಯಿತು. ಈಗ ಅವಳಿಗೆ ನಲವತ್ತನಾಲ್ಕು.

ಎದೆ ದೊಡ್ಡದು ಮಾಡುವ ಬಗೆಗಳನ್ನು ಡಾಕ್ಟರು ಒಂದೊಂದಾಗಿ ವಿವರಿಸಿದರು. ಜೆಲ್ ತುಂಬಿದ್ದು ಒಂದು ಬಗೆ. ಬರಿಯ ಚೀಲವನ್ನು ಒಳಗಿಟ್ಟು ಆಮೇಲೆ ಉಪ್ಪು ನೀರು ತುಂಬುವುದು ಇನ್ನೊಂದು. ಅದಕ್ಕೆ ಚಿಕ್ಕದಾಗಿ ಕೊಯ್ದರೆ ಸಾಕು, ಆದರೆ ತೆಳ್ಳಗಿನವರಲ್ಲಿ ಅಂಚು ಅಲೆಯಲೆಯಾಗಿ ಹೊರಗೆ ಕಾಣಬಹುದು. ಮೂರನೆಯದು ಏನನ್ನೂ ಹೊರಗಿನಿಂದ ತರದೆ, ಹೊಟ್ಟೆಯಿಂದಲೋ ತೊಡೆಯಿಂದಲೋ ಅವರದೇ ಕೊಬ್ಬನ್ನು ತೆಗೆದು ಎದೆಗೆ ಸೇರಿಸುವುದು.

"ನನ್ನ ಹತ್ರ ಎಲ್ಲಿದೆ ಕೊಬ್ಬು?" ಎಂದಳು ಕತ್ತರಿಯಕ್ಕ.

ಇಷ್ಟು ಹೊತ್ತೂ ಗೋಡೆಯ ಮೇಲಿನ ಗಡಿಯಾರವನ್ನೇ ಭಕ್ತಿಯಿಂದ ನೋಡುತ್ತ ಕುಳಿತಿದ್ದ ಅವಳ ಗಂಡ ಗಂಟಲು ಸರಿಮಾಡಿಕೊಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿದರೂ ಹೊಟ್ಟೆ ಮಾತ್ರ ಮುಂದಕ್ಕೇ ಬರುತ್ತಿತ್ತು.

"ನಂದು ತಗೊಳ್ಳಿ ಡಾಕ್ಟ್ರೇ. ಇವಳಿಗೆ ಹಾಕಿ ಇನ್ನೂ ನಾಲ್ಕು ಜನಕ್ಕೆ ಮಿಗುತ್ತೆ."

"ಅವರದ್ದೇ ಆಗ್ಬೇಕು ಸಾರ್. ಬೇರೆಯವರದ್ದು ದೇಹ ಒಪ್ಪಲ್ಲ."

"ಇಪ್ಪತ್ತಮೂರು ವರ್ಷ ಇಡೀ ನನ್ನನ್ನೇ ಒಪ್ಕೊಂಡಿದ್ದಾಳೆ, ಅದನ್ನ ಒಪ್ಪಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಆಮೇಲೆ ಗಂಭೀರರಾಗಿ ಉಳಿದದ್ದನ್ನೂ ಹೇಳಿದರು. ಇವು ಸಾಯುವವರೆಗೆ ಬಾಳಿಕೆ ಬರುತ್ತವೆಂಬ ಖಾತ್ರಿಯಿಲ್ಲ, ಮುಂದೆಂದೋ ಬದಲಾಯಿಸಬೇಕಾಗಬಹುದು. ಸುತ್ತ ಪೊರೆ ಬೆಳೆದು ಗಟ್ಟಿಯಾಗಬಹುದು. ಸ್ಪರ್ಶ ಕಡಿಮೆಯಾಗಬಹುದು. ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಕತ್ತರಿಯಕ್ಕ ಎಲ್ಲವನ್ನೂ ಬರೆದುಕೊಂಡಳು. ಮೊದಲು ಮನೆಯಲ್ಲೇ ಚೀಲಗಳಲ್ಲಿ ಅಕ್ಕಿ ತುಂಬಿ, ಬ್ರಾ ಒಳಗಿಟ್ಟುಕೊಂಡು ಕೆಲವು ದಿನ ಓಡಾಡಿ ನೋಡಿ, ಯಾವ ಗಾತ್ರ ಬೇಕೆಂದು ಆಮೇಲೆ ಹೇಳಿ ಎಂದು ಡಾಕ್ಟರು ಕಳಿಸಿಕೊಟ್ಟರು.

ಭಾನುವಾರ ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತು ಮೂರು ಜೊತೆ ಚೀಲ ಹೊಲಿದಳು. ಔಷಧಿ ಅಳೆಯುವ ಲೋಟದಲ್ಲಿ ಅಳೆದು ಇನ್ನೂರು, ಇನ್ನೂರ ನಲವತ್ತು, ಇನ್ನೂರ ಎಂಬತ್ತು ಮಿಲಿಲೀಟರ್ ಅಕ್ಕಿ ತುಂಬಿದಳು. ತೀರ್ಪು ಹೇಳಲು ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕುಳಿತರು. ಅವರು ಮೂವತ್ತು ವರ್ಷ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಗಾಜಿನ ಆಚೆಯವರಿಗೆ ಕೂಗಿ ಕೂಗಿ ಗಂಟಲು ದೊಡ್ಡದು ಮಾಡಿಕೊಂಡವರು. ಈಗ ಕಿವಿಯೂ ಮಂದವಾಗಿ, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು.

ದೊಡ್ಡ ಚೀಲ ಹಾಕಿಕೊಂಡು ಅಂಗಿ ತೊಟ್ಟು ಸೊಸೆ ಹಾಲಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು.

"ಪಕ್ಕಕ್ಕೆ ತಿರುಗು," ಎಂದರು ಅತ್ತೆ. "ಊಹುಂ. ಯಾರೋ ನೆಂಟರು ಮನೆಗೆ ಬಂದ ಹಾಗಿದೆ. ಕಾಫಿ ಕೊಡ್ಬೇಕು ಅನ್ನಿಸುತ್ತೆ."

"ಲಿಫ್ಟಲ್ಲಾಗಿದ್ರೆ ಓವರ್‌ಲೋಡ್ ಅಂತ ಬೆಲ್ ಹೊಡೀತಿತ್ತು," ಎಂದ ಗಂಡ.

"ನೀನು ಬಾಯಿ ಮುಚ್ಕೊಂಡಿರೋ. ನಿನ್ನನ್ನು ಯಾರು ಕೇಳಿದ್ರು?"

ಮಧ್ಯದ ಚೀಲ ಹಾಕಿಕೊಂಡು ಬಂದಾಗ ಅತ್ತೆ ಕನ್ನಡಕ ಮೇಲೇರಿಸಿ ತುಂಬ ಹೊತ್ತು ನೋಡಿದರು. "ಇದು ನೀನೇ," ಎಂದರು.

ಆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಮಗಳು ಒಳಗೆ ಬಂದಳು. ಫಿಸಿಯೋಥೆರಪಿ ಓದುತ್ತ ಹಾಸ್ಟೆಲಿನಲ್ಲಿದ್ದ ಅವಳು ರಜೆಗೆಂದು ಹೇಳದೆ ಕೇಳದೆ ಬಂದಿದ್ದಳು. ಅಮ್ಮನ ಎದೆ, ಸೋಫಾದ ಮೇಲೆ ಬಿದ್ದಿದ್ದ ಉಳಿದ ಚೀಲಗಳು, ನಗು ತಡೆಯಲಾರದೆ ಕೆಂಪಾಗಿದ್ದ ಅಪ್ಪನ ಮುಖ, ಎಲ್ಲವನ್ನೂ ಒಮ್ಮೆ ನೋಡಿದಳು.

"ಏನಿದು?"

"ನಿಮ್ಮಮ್ಮ ಎದೆ ಮಾಡಿಸ್ಕೋತಾಳೆ," ಎಂದರು ಅಜ್ಜಿ, ಎರಡನೇ ಪ್ಲಾಟ್‌ಫಾರ್ಮಿಗೆ ಗಾಡಿ ಬರುತ್ತಿದೆ ಎನ್ನುವ ಧಾಟಿಯಲ್ಲಿ.

ಮಗಳು ನಗಲಿಲ್ಲ. ಬ್ಯಾಗನ್ನು ಕೆಳಗಿಡದೆ ನಿಂತೇ ಇದ್ದಳು.

"ಯಾರಿಗೋಸ್ಕರ? ಅಪ್ಪ ಏನಾದ್ರೂ ಅಂದ್ರಾ?"

"ನಾನಾ?" ಗಂಡ ಎರಡೂ ಕೈ ಮೇಲೆತ್ತಿದ. "ನನಗೆ ಗೊತ್ತಾಗಿದ್ದೇ ಹೋದ ತಿಂಗಳು ಕಣಮ್ಮ."

"ಮತ್ತೆ ಯಾಕೆ?" ಮಗಳ ಕಣ್ಣು ಅಮ್ಮನ ಮೇಲಿತ್ತು. "ನನಗೆ ಹದಿನಾಲ್ಕು ವರ್ಷ ಆದಾಗ, ಕ್ಲಾಸಲ್ಲಿ ಎಲ್ರೂ ಇಸ್ತ್ರಿ ಹಲಗೆ ಅಂತ ಕರೀತಾರೆ ಅಂತ ಬಂದು ಅತ್ತಿದ್ದೆ. ಆಗ ನೀನೇನು ಹೇಳಿದ್ದೆ? ಇರೋ ಹಾಗೇ ಚೆಂದ ಇದ್ದೀಯ, ಯಾರ ಮಾತೂ ತಲೆಗೆ ಹಚ್ಕೋಬೇಡ ಅಂದೆ. ನಾನು ಅದನ್ನ ನಂಬಿದೆ ಅಮ್ಮ. ಇವತ್ತಿನವರೆಗೂ ನಂಬಿದ್ದೀನಿ. ಈಗ ಹೇಳು, ಅದು ಸುಳ್ಳಾ?"

ಉತ್ತರಕ್ಕೆ ಕಾಯದೆ ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕು ದಿನ ಮನೆಯಲ್ಲಿ ಮಾತಿಗೆ ಬರ ಬಂತು. ಮಗಳು ಊಟಕ್ಕೆ ಬರುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು, ಅಜ್ಜಿಯ ಮೊಣಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಅಮ್ಮನ ಜೊತೆ ಮಾತ್ರ ಹೂಂ, ಊಹುಂ ಬಿಟ್ಟರೆ ಬೇರೆ ಇಲ್ಲ. ಕತ್ತರಿಯಕ್ಕ ಅಕ್ಕಿಯನ್ನು ಮತ್ತೆ ಡಬ್ಬಕ್ಕೆ ಸುರಿದಳು. ಡಾಕ್ಟರಿಗೆ ಫೋನ್ ಮಾಡಿ ಬೇಡ ಎಂದುಬಿಡೋಣ ಅನ್ನಿಸಿ ಎರಡು ಸಲ ಫೋನು ಕೈಗೆತ್ತಿಕೊಂಡಳು. ಎರಡು ಸಲವೂ ಕೆಳಗಿಟ್ಟಳು.

ಐದನೆಯ ದಿನ ಬೆಳಿಗ್ಗೆ ಮಹಡಿಯ ಮೇಲೆ ಒಣಗಿದ್ದ ದೊಡ್ಡ ಹೊದಿಕೆಗಳನ್ನು ಮಡಚಬೇಕಿತ್ತು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಕರೆಯದೆಯೇ ಮಗಳು ಬಂದು ಆ ತುದಿ ಹಿಡಿದುಕೊಂಡಳು. ಇಬ್ಬರೂ ಕೊಡವಿದರು, ಎಳೆದರು, ತುದಿಗೆ ತುದಿ ಸೇರಿಸಲು ಒಬ್ಬರ ಕಡೆಗೊಬ್ಬರು ನಡೆದು ಬಂದರು.

"ನಿನಗೆ ಹೇಳಿದ್ದು ಸುಳ್ಳಲ್ಲ," ಎಂದಳು ಕತ್ತರಿಯಕ್ಕ, ಮಗಳ ಕೈಯಿಂದ ತುದಿ ತೆಗೆದುಕೊಳ್ಳುತ್ತ. "ನಿನ್ನ ನೋಡಿದಾಗ ನನಗೆ ಕಂಡಿದ್ದೇ ಹಾಗೆ. ಈಗಲೂ ಹಾಗೇ ಕಾಣ್ತೀಯ."

"ನಿನ್ನನ್ನ ನೋಡಿದ್ರೆ ನನಗೂ ಹಾಗೇ ಕಾಣುತ್ತೆ. ಅದು ಸಾಲದಾ?"

"ಸಾಕು ಕಣೇ. ಸಾಲದು ಅಂತ ಅಲ್ಲ." ಅವಳು ಇನ್ನೊಂದು ಹೊದಿಕೆ ಎಳೆದುಕೊಂಡಳು. ಅದರ ಸುಕ್ಕು ನೇವರಿಸಿದಳು. "ನಮ್ಮಲ್ಲಿ ಹೊಸ ಪ್ಯಾಟರ್ನ್ ಬಂದಾಗ ಯಾರಾದ್ರೂ ಹಾಕ್ಕೊಂಡು ನೋಡ್ತಾರೆ. ಕೊಕ್ಕೆ ಹೊಲಿಯೋಳು, ಪ್ಯಾಕಿಂಗಿನೋಳು, ಲೆಕ್ಕ ಬರೆಯೋ ಮೇಡಮ್ಮು, ಎಲ್ರೂ ಬಾಗಿಲು ಹಾಕ್ಕೊಂಡು ನಗ್ತಾ ನಗ್ತಾ ಹಾಕಿ ನೋಡ್ತಾರೆ. ನಾನು ಹೊರಗೆ ನಿಂತು, ಸರಿಯಾಯ್ತಾ, ಎಲ್ಲಿ ಬಿಗಿ ಅಂತ ಕೇಳ್ತೀನಿ. ಇಪ್ಪತ್ತೆರಡು ವರ್ಷ. ಅಳು ಏನೂ ಬರಲ್ಲ ನನಗೆ, ಆ ಕಾಲ ಎಲ್ಲ ಮುಗೀತು. ಆದ್ರೆ ಆಸೆ ಹೋಗಿಲ್ಲ."

"ಬರೀ ಆಸೆನಾ?"

"ಬರೀ ಆಸೆ. ಯಾರೂ ಏನೂ ಅಂದಿಲ್ಲ, ನನಗೇನೂ ಕೊರತೆ ಇಲ್ಲ. ಒಂದು ಕಾರಣ ಇದ್ದಿದ್ರೆ ನಿನಗೆ ಹೇಳೋಕೆ ಸುಲಭ ಆಗ್ತಿತ್ತು. ಇಲ್ಲ. ಸುಮ್ನೆ ಬೇಕು."

ಮಗಳು ಹೊದಿಕೆಯ ತುದಿ ಹಿಡಿದು ಹಿಂದಕ್ಕೆ ಹೋದಳು. ಬಟ್ಟೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತು.

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿನಗೆ?" ಎಂದಳು.

"ನೀನು ಬಾಗಿಲು ಹಾಕ್ಕೊಂಡೆಯಲ್ಲ."

"ತಟ್ಟಬೇಕಿತ್ತು." ಅಷ್ಟು ಹೇಳಿ ಮಗಳು ಮುಖ ಬೇರೆ ಕಡೆ ತಿರುಗಿಸಿದಳು. ಆದರೆ ಅವಳ ಕೆನ್ನೆ ಉಬ್ಬಿದ್ದು ಕತ್ತರಿಯಕ್ಕನಿಗೆ ಕಂಡಿತು. ಚಿಕ್ಕವಳಿದ್ದಾಗಿನಿಂದಲೂ ನಗು ಒತ್ತಿ ಹಿಡಿದಾಗ ಅವಳಿಗೆ ಹಾಗೇ ಆಗುತ್ತಿತ್ತು.

ಎರಡನೆಯ ಭೇಟಿಗೆ ಹೊರಟಾಗ ಇಡೀ ಮನೆಯೇ ಕಾರು ಹತ್ತಿತು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಹತ್ತು ಹನ್ನೆರಡು ಜನ ತಮ್ಮ ತಮ್ಮ ಫೋನಿನಲ್ಲಿ ಮುಳುಗಿದ್ದರು. ಅತ್ತೆಯ ಪಕ್ಕದಲ್ಲಿ ಮೂಗಿನವರೆಗೆ ಶಾಲು ಸುತ್ತಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. ಅವಳು ಮಾತಿಗೆ ಮಾತು ಬರಲೆಂದು, "ನಿಮಗೆ ಏನಾಗಿದೆಯಮ್ಮಾ?" ಎಂದು ಮೆಲ್ಲಗೆ ಕೇಳಿದಳು.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದರು ಅತ್ತೆ. "ನನ್ನ ಸೊಸೆಗೆ. ಎದೆ ದೊಡ್ಡದು ಮಾಡಿಸೋಕೆ ಬಂದಿದ್ದೀವಿ!"

ಎಲ್ಲ ಫೋನುಗಳೂ ಒಟ್ಟಿಗೆ ಕೆಳಗಿಳಿದವು. ಗಂಡ ಬಗ್ಗಿ ಶೂ ಲೇಸು ಕಟ್ಟತೊಡಗಿದ. ಅವನು ಹಾಕಿಕೊಂಡಿದ್ದುದು ಚಪ್ಪಲಿ. ಕತ್ತರಿಯಕ್ಕನ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಆದರೆ ಎಲ್ಲರೂ ನೋಡುತ್ತಿರುವಾಗ ಇನ್ನೇನು ಮಾಡುವುದು? ಅವಳು ಬೆನ್ನು ನೆಟ್ಟಗೆ ಮಾಡಿ, "ಹೌದು," ಎಂದಳು.

ಶಾಲಿನ ಹೆಂಗಸು ಶಾಲನ್ನು ಸ್ವಲ್ಪ ಸಡಿಲಿಸಿದಳು. "ನಾನೂ ಅದಕ್ಕೇ ಬಂದಿರೋದು. ಮನೇಲಿ ಹಲ್ಲಿನ ಡಾಕ್ಟ್ರ ಹತ್ರ ಅಂತ ಹೇಳಿ ಬಂದಿದ್ದೀನಿ." ಆಮೇಲೆ ಇನ್ನೂ ಹತ್ತಿರ ಸರಿದು, "ಎಲ್ಲಿ ಕೊಯ್ಸ್ಕೋತೀರ? ಅವರು ಮೂರು ಜಾಗ ಹೇಳಿದ್ರು, ನನಗೆ ತಲೆಬುಡ ಅರ್ಥ ಆಗ್ಲಿಲ್ಲ," ಎಂದಳು.

ಕತ್ತರಿಯಕ್ಕನಿಗೆ ಕಾರ್ಖಾನೆಗೇ ಬಂದಂತಾಯಿತು. ತನ್ನ ಪುಸ್ತಕದ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದಳು. "ಇಲ್ಲಿ ಕಂಕುಳಲ್ಲಿ ಮಾಡಬಹುದು, ಎದೆ ಮೇಲೆ ಗುರುತೇ ಇರಲ್ಲ. ಆದ್ರೆ ದೂರದಿಂದ ಕೈ ಹಾಕಿ ಕೂರಿಸ್ಬೇಕು. ಇಲ್ಲಿ ತೊಟ್ಟಿನ ಸುತ್ತ ಮಾಡಬಹುದು, ಬಣ್ಣದಲ್ಲಿ ಬಣ್ಣ ಸೇರ್ಕೊಳುತ್ತೆ. ನಾನು ಕೆಳಗೆ, ಈ ಮಡಿಕೆಯೊಳಗೆ ಅಂತ ತೀರ್ಮಾನ ಮಾಡಿದ್ದೀನಿ. ಹೊಲಿಗೆ ಮಡಿಕೆಯೊಳಗಿದ್ರೆ ಯಾರಿಗೂ ಕಾಣಲ್ಲ. ಒಂದು ಮಾತು, ಬ್ರಾದ ವೈರು ಕೂರೋದೂ ಅಲ್ಲೇ. ಗಾಯ ಪೂರ್ತಿ ಮಾಯೋವರೆಗೆ ವೈರಿರೋದು ಹಾಕ್ಬೇಡಿ."

ಎದುರಿನ ಸಾಲಿನಲ್ಲಿದ್ದ ಇನ್ನೊಬ್ಬಳು ಎದ್ದು ಬಂದು ಹಾಳೆಯ ಕಡೆ ಕತ್ತು ಚಾಚಿದಳು. ನರ್ಸ್ ಬಂದು ಕರೆಯುವ ಹೊತ್ತಿಗೆ ಕತ್ತರಿಯಕ್ಕನ ಸುತ್ತ ನಾಲ್ವರು ಸೇರಿದ್ದರು.

ಒಳಗೆ ಡಾಕ್ಟರು ಎದೆಯ ಮೇಲ್ಭಾಗದ ಚರ್ಮವನ್ನು ಸಣ್ಣ ಇಕ್ಕಳದಂಥ ಸಾಧನದಿಂದ ಹಿಡಿದು ದಪ್ಪ ನೋಡಿದರು. "ತುಂಬ ತೆಳು ಇದೆ. ಎದೆಯ ಸ್ನಾಯುವಿನ ಮೇಲೆ ಇಟ್ರೆ ಅಂಚು ಎದ್ದು ಕಾಣುತ್ತೆ. ಸ್ನಾಯುವಿನ ಕೆಳಗೆ ಇಡೋದು ಒಳ್ಳೇದು."

"ಬಟ್ಟೆ ತೆಳುವಾಗಿದ್ರೆ ಲೈನಿಂಗ್ ಕೊಡ್ಬೇಕು. ಅದು ಸರಿ," ಎಂದಳು ಕತ್ತರಿಯಕ್ಕ.

"ಸರಿಯಲ್ಲ," ಎಂದು ಮಗಳು ಹಿಂದಿನಿಂದ ಮುಂದೆ ಬಂದಳು. "ಡಾಕ್ಟರ್, ಅಮ್ಮ ದಿನಾ ಎಂಟು ಗಂಟೆ ಎರಡೂ ಕೈಯಿಂದ ಮೆಷಿನ್ ತಳ್ತಾರೆ. ಅದಕ್ಕೆ ಬೇಕಾಗಿರೋದೇ ಆ ಸ್ನಾಯು. ತಳ್ಳಿದಾಗಲೆಲ್ಲ ಒಳಗಿರೋದು ಮೇಲಕ್ಕೆ, ಪಕ್ಕಕ್ಕೆ ಸರಿಯಲ್ವಾ? ಕೈಯಲ್ಲಿ ಶಕ್ತಿ ಕಮ್ಮಿಯಾದ್ರೆ?"

ಡಾಕ್ಟರು ಅವಳಿಗೆ ಕುರ್ಚಿ ತೋರಿಸಿದರು. ಹಾಳೆ ತೆಗೆದು ಇಬ್ಬರ ಮುಂದೆಯೂ ಚಿತ್ರ ಬಿಡಿಸಿದರು. ಹಾಗೆ ಸರಿಯುವುದುಂಟು ಎಂದು ಒಪ್ಪಿಕೊಂಡರು. ಮೇಲಿನ ಭಾಗವನ್ನು ಮಾತ್ರ ಸ್ನಾಯುವಿನ ಕೆಳಗೆ, ಕೆಳಗಿನ ಭಾಗವನ್ನು ಸ್ನಾಯುವಿನ ಹೊರಗೆ ಬಿಡುವ ನಡುವಿನ ದಾರಿಯೊಂದಿದೆ. ಸರಿಯುವುದು ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಗಬಹುದು. ಆರು ವಾರ ಮೆಷಿನ್ ಮುಟ್ಟಬಾರದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಶುರುಮಾಡಬೇಕು. ಗಾತ್ರ ಚಿಕ್ಕದಿದ್ದಷ್ಟೂ ಒಳ್ಳೆಯದು. ಮಗಳು ಇನ್ನೂ ಏಳೆಂಟು ಪ್ರಶ್ನೆ ಕೇಳಿದಳು. ಡಾಕ್ಟರು ಯಾವುದಕ್ಕೂ ಬೇಸರಪಡಲಿಲ್ಲ.

"ಅರ್ಧ ಲೈನಿಂಗ್," ಎಂದಳು ಕತ್ತರಿಯಕ್ಕ ಮಗಳ ಕಡೆ ನೋಡಿ. "ಏನಂತೀಯ?"

"ಇನ್ನೂರ ನಲವತ್ತಕ್ಕಿಂತ ಒಂದು ಹನಿ ಜಾಸ್ತಿ ಬೇಡ," ಎಂದಳು ಮಗಳು. "ವ್ಯಾಯಾಮ ನಾನು ಹೇಳಿದ ಹಾಗೆ ಮಾಡ್ಬೇಕು. ಕಳ್ಳಾಟ ನಡೆಯಲ್ಲ."

ಆಪರೇಷನ್ ಮುಗಿದು ಎಚ್ಚರವಾದಾಗ ಎದೆಯ ಮೇಲೆ ಯಾರೋ ಬಟ್ಟೆಯ ಥಾನುಗಳನ್ನು ಪೇರಿಸಿಟ್ಟಂತಿತ್ತು. ಕಣ್ಣು ಬಿಟ್ಟ ಕತ್ತರಿಯಕ್ಕ ಮೊದಲು ಕೇಳಿದ್ದು, "ಹೊಲಿಗೆ ಎಷ್ಟುದ್ದ?" ಎಂದು. "ನಾಲ್ಕೂವರೆ ಸೆಂಟಿಮೀಟರು, ಎರಡೂ ಕಡೆ ಒಂದೇ ಸಮ," ಎಂದರು ಡಾಕ್ಟರು. ಅವಳು ನೆಮ್ಮದಿಯಿಂದ ಮತ್ತೆ ನಿದ್ದೆ ಹೋದಳು.

ಕೈ ಭುಜದಿಂದ ಮೇಲೆತ್ತುವಂತಿರಲಿಲ್ಲ. ಮೂರನೆಯ ದಿನಕ್ಕೆ ತಲೆ ಕೆರೆತ ತಡೆಯಲಾಗದಾಯಿತು. ಅತ್ತೆ ಸ್ನಾನದ ಕೋಣೆಯಲ್ಲಿ ಕುರ್ಚಿ ಹಾಕಿ, ಅವಳನ್ನು ಹಿಂದಕ್ಕೊರಗಿಸಿ, ಪಟ್ಟಿ ನೆನೆಯದಂತೆ ಭುಜಕ್ಕೆ ದಪ್ಪನೆಯ ಟವೆಲು ಹೊದಿಸಿದರು. ಬೆಚ್ಚಗಿನ ನೀರು ಹಾಕಿ ನಿಧಾನವಾಗಿ ಕೂದಲು ಉಜ್ಜಿದರು. ಇಪ್ಪತ್ತಮೂರು ವರ್ಷದಲ್ಲಿ ಅವರು ಸೊಸೆಯ ತಲೆ ಮುಟ್ಟಿದ್ದು ಅದೇ ಮೊದಲು.

"ಅತ್ತೆ, ನಿಮಗೆ ಇದೆಲ್ಲ ಹುಚ್ಚು ಅನ್ನಿಸ್ಲಿಲ್ವಾ?"

"ಏನಂದೆ?"

"ಹುಚ್ಚು ಅನ್ನಿಸ್ಲಿಲ್ವಾ ಅಂದೆ!"

"ಅನ್ನಿಸ್ತು," ಎಂದರು ಅತ್ತೆ, ಮತ್ತೊಂದು ಚೊಂಬು ನೀರು ಹಾಕುತ್ತ. "ನಾನು ಕೆಲಸದಿಂದ ನಿವೃತ್ತಿ ಆದಾಗ ಇಂಜಿನ್ನಲ್ಲಿ ಕೂತು ಹೋಗ್ಬೇಕು ಅಂತಿದ್ದೆ. ಹಿಂದೆ ಬೋಗಿಯಲ್ಲಲ್ಲ, ಮುಂದೆ, ಡ್ರೈವರ್ ಪಕ್ಕ. ಯಾರನ್ನೂ ಕೇಳ್ಲಿಲ್ಲ, ನಗ್ತಾರೆ ಅಂತ. ಕೇಳಿದ್ರೆ ಕೂರಿಸ್ತಿದ್ರೋ ಏನೋ. ಕಣ್ಣು ಮುಚ್ಕೋ, ಸೋಪು ಹೋಗುತ್ತೆ."

ಕತ್ತರಿಯಕ್ಕ ಕಣ್ಣು ಮುಚ್ಚಿಕೊಂಡಳು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಕನ್ನಡಿ ಕೊಟ್ಟರು. ಎರಡೂ ಊದಿಕೊಂಡು, ಬಿಗಿದುಕೊಂಡು, ಬೇಕಾದುದಕ್ಕಿಂತ ಮೇಲೇ ಕುಳಿತಿದ್ದವು. ಕೆಲವು ವಾರಗಳಲ್ಲಿ ಕೆಳಗಿಳಿಯುತ್ತವೆ ಎಂದರು ಡಾಕ್ಟರು. ಚರ್ಮ ಅಲ್ಲಲ್ಲಿ ಹಳದಿಗಟ್ಟಿತ್ತು. ಕತ್ತರಿಯಕ್ಕ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ನಗು ಹೊಟ್ಟೆಯಿಂದಲೇ ಎದ್ದು ಬಂತು. ನಕ್ಕರೆ ನೋಯುತ್ತಿತ್ತು. "ಅಯ್ಯೋ, ನಗಿಸ್ಬೇಡಿ," ಎಂದು ನಗುತ್ತಲೇ ಕೂಗಿದಳು. ಯಾರೂ ಏನೂ ಹೇಳಿರಲಿಲ್ಲ. ಪಕ್ಕದಲ್ಲಿದ್ದ ಮಗಳು ಹೊಸ ಬ್ರಾ ತೊಡಿಸಿ, ಅದರ ಮುಂದಿನ ಕೊಕ್ಕೆಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿದಳು. ಕೊನೆಯದನ್ನು ಹಾಕಿ, ಅಂಗಿ ತೊಡಿಸಿ ಕಾಲರು ಸರಿಮಾಡಿ, ಅಮ್ಮನ ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟಳು.

ಏಳನೆಯ ವಾರ ಅವಳು ಕೆಲಸಕ್ಕೆ ಹೋದಳು. ಯಾರು ಏನು ಕೇಳುತ್ತಾರೋ, ಏನು ಹೇಳುವುದೋ ಎಂದು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಹೋಗಿದ್ದಳು. ಕೊಕ್ಕೆ ಹೊಲಿಯುವವಳು ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾ, ಕೂದಲು ಕಟ್ ಮಾಡಿಸಿದ್ರಾ?" ಎಂದಳು. ಲೆಕ್ಕದ ಮೇಡಮ್, "ರಜೆ ಚೆನ್ನಾಗಿ ಹಿಡಿಸಿದೆ ನಿಮಗೆ, ಮುಖ ತುಂಬ್ಕೊಂಡಿದೆ," ಎಂದರು. ಮಾಲೀಕರು, "ಬಂದ್ಯಾ ಮಹಾತಾಯಿ, ನೀನಿಲ್ದೆ ಎಲ್ಲ ಅಡ್ಡಾದಿಡ್ಡಿ ಕತ್ತರಿಸಿಟ್ಟಿದ್ದಾರೆ," ಎಂದು ಮುಂದೆ ಹೋದರು. ಹಗಲಿರುಳು ಬ್ರಾಗಳನ್ನೇ ಅಳೆದು ಹೊಲಿದು ಮಾರುವ ನಲವತ್ತು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಊಟದ ಹೊತ್ತಿಗೆ ಅವಳಿಗೆ ತಡೆಯದಾಯಿತು. ಡಬ್ಬಿ ಮುಚ್ಚಳ ತೆರೆಯುತ್ತ ತಾನೇ ಹೇಳಿಬಿಟ್ಟಳು. ಒಂದು ಕ್ಷಣ ಎಲ್ಲರ ತುತ್ತೂ ಅರ್ಧದಲ್ಲೇ ನಿಂತಿತು. ಆಮೇಲೆ ಎದ್ದ ಕೇಕೆಗೆ ಮಾಲೀಕರು ಏನು ಅನಾಹುತವಾಯಿತೋ ಎಂದು ಮೆಟ್ಟಿಲಿಳಿದು ಓಡಿ ಬಂದರು. ಅವರಿಗೆ ಯಾರೂ ಏನೂ ಹೇಳಲಿಲ್ಲ.

ಮೆಷಿನ್ನಿಗೆ ಇನ್ನೂ ಎರಡು ವಾರ ಕೈ ಹಾಕಕೂಡದೆಂದು ಮಗಳ ಅಪ್ಪಣೆಯಾಗಿತ್ತು. ಮಧ್ಯಾಹ್ನ ಅವಳು ಹೊಸ ಮಾದರಿಯ ಗುರುತು ಹಾಕಲು ಉದ್ದನೆಯ ಮೇಜಿನ ಮುಂದೆ ನಿಂತಳು. ಕಡುನೀಲಿ ಬಟ್ಟೆ ಹರವಿ, ರಟ್ಟಿನ ಅಚ್ಚು ಇಟ್ಟು, ಬಿಳಿ ಚಾಕಿನಿಂದ ಸುತ್ತ ಗೆರೆ ಎಳೆದಳು. ದೂರದ ಅಂಚಿಗೆ ಬಗ್ಗಿ ಎಳೆದಳು, ಅಚ್ಚು ಸರಿಸಿದಳು, ಮತ್ತೆ ಬಗ್ಗಿ ಎಳೆದಳು. ಸಂಜೆ ನಾಲ್ಕರ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಅಡ್ಡ ಬಿದ್ದಿತ್ತು.

ಸಾಲು ಮುಗಿಸಿ ನೆಟ್ಟಗಾದಾಗ ಅವಳು ಕೊನೆಯ ಎರಡು ಗೆರೆಗಳು ಅಳಿಸಿಹೋಗಿರುವುದನ್ನು ಕಂಡಳು. ಇಷ್ಟು ವರ್ಷದಲ್ಲಿ ಅವಳ ಗೆರೆ ಹೀಗೆ ಅಳಿಸಿದ್ದೇ ಇಲ್ಲ. ಯಾಕೆಂದು ತಿಳಿಯದೆ ಬಟ್ಟೆಯನ್ನು ನೋಡಿದಳು, ಅಂಗೈ ನೋಡಿದಳು, ಆಮೇಲೆ ತನ್ನನ್ನೇ ನೋಡಿಕೊಂಡಳು. ಅಂಗಿಯ ಮುಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಿಳಿಯ ಪುಡಿ ಹತ್ತಿತ್ತು.

ಅವಳು ಗೆರೆಗಳನ್ನು ಮತ್ತೆ ಎಳೆದಳು. ಕೆಲಸ ಮುಗಿದ ಗಂಟೆ ಬಾರಿಸಿದ ಮೇಲೆ ಕೈ ತೊಳೆದು, ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಕೂರಲಿಲ್ಲ. ಮೇಲಿನ ಕಂಬಿಯನ್ನು ಒಂದು ಕೈಯಿಂದ ಹಿಡಿದು ನಿಂತೇ ಇದ್ದಳು, ಅಂಗಿಯ ಪುಡಿಯನ್ನು ಕೊಡವಿಕೊಳ್ಳದೆ.